ಮೊದಲ ಎರಡು ಪ್ರಶ್ನೆಗಳು

ಫಲಿತಾಂಶ ಕೆಟ್ಟರೆ ಹೆದರಬೇಕು ಎಂಬುದು ಲೆಕ್ಕದ ಟೀಚರಿಗೆ ಹತ್ತೊಂಬತ್ತು ವರ್ಷಗಳಿಂದ ಗೊತ್ತಿತ್ತು. ಫಲಿತಾಂಶ ಚೆನ್ನಾಗಿ ಬಂದರೂ ಹೆದರಬೇಕಾಗುತ್ತದೆ ಎಂಬುದು ಈ ವರ್ಷ ಗೊತ್ತಾಯಿತು. ಹೋದ ವರ್ಷ ಏಳನೇ ತರಗತಿಯ ನಲವತ್ತು ಮಕ್ಕಳಲ್ಲಿ ಲೆಕ್ಕದಲ್ಲಿ ಪಾಸಾದವರು ಹದಿಮೂರು ಜನ. ಈ ವರ್ಷ ಮೂವತ್ತೊಂಬತ್ತು. ಪಟ್ಟಿಯನ್ನು ಗೋಡೆಗೆ ಅಂಟಿಸಿದ ದಿನ ಹೆಡ್‌ಮೇಡಂ ಎಲ್ಲರಿಗೂ ತಮ್ಮ ಖರ್ಚಿನಲ್ಲಿ ಟೀ ತರಿಸಿದರು, ಅದೂ ಮೊದಲ ಸಲ. ಹತ್ತು ದಿನ ಕಳೆಯುವಷ್ಟರಲ್ಲಿ ಇಲಾಖೆಯಿಂದ ಕಾಗದ ಬಂತು. ಈ ತರಗತಿಯ ಉತ್ತರ ಹಾಳೆಗಳಲ್ಲಿ ಅಳಿಸಿ ತಿದ್ದಿದ ಗುರುತುಗಳು ಮಿತಿ ಮೀರಿವೆ, ತಪಾಸಣೆಗೆ ಅಧಿಕಾರಿ ಬರುತ್ತಾರೆ ಎಂದು ಅದರಲ್ಲಿತ್ತು.

ಈಗಿನ ಪರೀಕ್ಷೆ ಬರೆಯುವುದಲ್ಲ, ತುಂಬುವುದು. ನಲವತ್ತು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಸುತ್ತು, ಸರಿ ಎನಿಸಿದ ಸುತ್ತನ್ನು ಪೆನ್ಸಿಲ್ಲಿನಿಂದ ಕಪ್ಪು ಮಾಡಬೇಕು. ಹದಿನಾರು ಸರಿಯಾದರೆ ಪಾಸು. ಹಾಳೆ ನೋಡುವುದು ಯಂತ್ರ. ಅದಕ್ಕೆ ಕಪ್ಪೂ ಕಾಣುತ್ತದೆ, ರಬ್ಬರ್ ಉಜ್ಜಿದ ಮಸುಕೂ ಕಾಣುತ್ತದೆ. ಬೇರೆ ಶಾಲೆಗಳಲ್ಲಿ ಹಾಳೆಗೆ ಒಂದೋ ಎರಡೋ ಮಸುಕು ಇದ್ದರೆ, ಈ ತರಗತಿಯಲ್ಲಿ ಹಾಳೆಗೆ ಎಂಟು. ಹೆಚ್ಚುಕಡಿಮೆ ಅಷ್ಟನ್ನೂ ತಪ್ಪಿನಿಂದ ಸರಿಗೆ ತಿದ್ದಲಾಗಿತ್ತು. ಹಿಂದೊಮ್ಮೆ ಬೇರೊಂದು ಶಾಲೆಯಲ್ಲಿ ಹೀಗೆಯೇ ಸಿಕ್ಕಿಬಿದ್ದ ಮೇಷ್ಟ್ರ ಕಥೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಅವರ ನೌಕರಿ ಹೋಯಿತು, ಅದು ಸರಿ. ಆದರೆ ಇಡೀ ತರಗತಿಯ ಅಂಕವೂ ರದ್ದಾಯಿತು. ತಿದ್ದಿದ ಹಾಳೆ ಯಾವುದು, ತಿದ್ದದೆ ಇದ್ದದ್ದು ಯಾವುದು ಎಂದು ಯಾರೂ ಕೂತು ಬಿಡಿಸಲಿಲ್ಲ.

ಟೀಚರಿಗೆ ಆ ಮುನ್ನೂರು ಚಿಲ್ಲರೆ ಮಸುಕುಗಳ ಭಯವಿರಲಿಲ್ಲ. ಅವು ಮಕ್ಕಳವೇ. ಭಯವಿದ್ದದ್ದು ಎರಡೇ ಎರಡರದ್ದು. ಆ ಎರಡು ಅವಳವು.

ಎರಡು ವರ್ಷ ಅವಳು ಇಲಾಖೆ ಹೇಳಿದ್ದನ್ನೆಲ್ಲ ಮಾಡಿ ನೋಡಿದ್ದಳು. ಬೆಳಗ್ಗೆ ಒಂದು ಗಂಟೆ ಹೆಚ್ಚಿಗೆ ಪಾಠ ಮಾಡಿದಳು, ಮಕ್ಕಳು ಬೆಂಚಿನ ಮೇಲೇ ತೂಕಡಿಸಿದರು. ಬಣ್ಣದ ಚಾರ್ಟು ಅಂಟಿಸಿದಳು, ಗೋಡೆ ಚೆಂದವಾಯಿತು. ಬಹುಮಾನ ಇಟ್ಟಳು, ಮೊದಲಿನಿಂದಲೂ ಲೆಕ್ಕ ಬರುತ್ತಿದ್ದ ಮೂವರೇ ಅದನ್ನು ಹಂಚಿಕೊಂಡರು. ಗದರಿದಳು, ಅದಂತೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೆ ಕೈಹಿಡಿದದ್ದು ಯಾವ ಸುತ್ತೋಲೆಯಲ್ಲೂ ಇಲ್ಲದ ಎರಡು ಸಣ್ಣ ಕೆಲಸ. ದಿನಾ ಬೆಳಗ್ಗೆ ಐದು ಲೆಕ್ಕ, ನಿನ್ನೆಯ ಪಾಠದ್ದಲ್ಲ, ತಿಂಗಳ ಹಿಂದಿನದು, ಮಕ್ಕಳು ಮರೆತೇಬಿಟ್ಟೆವು ಅಂದುಕೊಂಡಿದ್ದು. ಅದಕ್ಕೆ ಅಂಕ ಇಲ್ಲ, ಬೈಗುಳವೂ ಇಲ್ಲ. ಎರಡನೆಯದು, ಮುಗಿಸಿದ ಮೇಲೆ ಕೈಕಟ್ಟಿ ಕೂರುವ ಹಾಗಿಲ್ಲ. ಕೊನೆಯ ಲೆಕ್ಕದಿಂದ ಹಿಂದಕ್ಕೆ ಬರುತ್ತಾ ಎಲ್ಲವನ್ನೂ ಇನ್ನೊಂದು ಸಲ ಮಾಡಬೇಕು, ತಪ್ಪು ಸಿಕ್ಕರೆ ಅಳಿಸಬೇಕು. ಡಿಸೆಂಬರ್ ಹೊತ್ತಿಗೆ ಆ ತರಗತಿಯ ಮಕ್ಕಳ ರಬ್ಬರುಗಳು ಕಡಲೆಕಾಳಿನಷ್ಟಾಗಿದ್ದವು.

ಇದರಲ್ಲಿ ಎಲ್ಲರಿಗಿಂತ ಹೆಚ್ಚು ಬದಲಾದವಳು ಲಾಂಡ್ರಿಯವಳ ಮಗಳು. ಮೊದಲು ಹಿಂದಿನ ಬೆಂಚಿನಲ್ಲಿ ಗೋಡೆಗೆ ಅಂಟಿಕೊಂಡು ಕೂರುತ್ತಿದ್ದ ಹುಡುಗಿ. ಹಿಂದಕ್ಕೆ ಬರುವ ಆಟ ಅವಳಿಗೆ ಎಷ್ಟು ಹಿಡಿಸಿತೆಂದರೆ, ಪುಸ್ತಕ ಕೇಳಿದಾಗಲೆಲ್ಲ "ತಡೀರಿ ಮಿಸ್, ತಡೀರಿ, ಇನ್ನೊಂದೇ ಸಲ" ಎನ್ನುತ್ತಿದ್ದಳು. ಮಕ್ಕಳು ಅವಳಿಗೆ 'ತಡೀರಿ' ಎಂದೇ ಹೆಸರಿಟ್ಟರು. ಟೀಚರಿಗೆ ಅವಳ ಮೇಲೆ ಪಕ್ಷಪಾತವಿತ್ತು. ಇರಬಾರದು, ಆದರೂ ಇತ್ತು.

ಪರೀಕ್ಷೆಯ ದಿನ ಹಾಳೆ ಎಣಿಸಿ ಲಕೋಟೆಗೆ ಹಾಕುವ ಕೆಲಸ ಟೀಚರ ಪಾಲಿಗೆ ಬಂದಿತ್ತು. ಸ್ಟಾಫ್ ರೂಮಿನಲ್ಲಿ ಅವಳೊಬ್ಬಳೇ ಇದ್ದಳು. ಅರಗು ತರಲು ಹೋದ ಜವಾನ ಇನ್ನೂ ಬಂದಿರಲಿಲ್ಲ. ಉಳಿದ ಒಂದು ಪ್ರಶ್ನೆ ಪುಸ್ತಿಕೆಯನ್ನು ಅವಳು ಆಗಲೇ ಕೂತು ಬಿಡಿಸಿಟ್ಟಿದ್ದಳು. ಕಟ್ಟಿನ ಮೇಲುಗಡೆಯೇ ತಡೀರಿಯ ಹಾಳೆ. ಸುಮ್ಮನೆ ಕಣ್ಣಾಡಿಸಿದಳು. ಮೊದಲನೆಯದು ತಪ್ಪು, ಎರಡನೆಯದೂ ತಪ್ಪು! ವರ್ಷವಿಡೀ ಬೆಳಗ್ಗೆ ಬೆಳಗ್ಗೆ ಮಾಡಿಸಿದ, ಕಣ್ಣುಮುಚ್ಚಿ ಮಾಡಬಹುದಾದ ಲೆಕ್ಕಗಳು. ಹುಡುಗಿ ಗಾಬರಿಯಾಗಿದ್ದಾಳೆ, ಖಂಡಿತ ಗಾಬರಿಯಾಗಿದ್ದಾಳೆ ಎಂದುಕೊಂಡಳು. ರಬ್ಬರ್ ಕೈಗೆ ಬಂದದ್ದು, ಉಜ್ಜಿದ್ದು, ಬೇರೆ ಸುತ್ತು ತುಂಬಿದ್ದು ಎಲ್ಲ ಅರ್ಧ ನಿಮಿಷದ ಕೆಲಸ. ಮೂರನೆಯದಕ್ಕೆ ಕಣ್ಣು ಹೋಗುವಷ್ಟರಲ್ಲಿ ಹೊರಗೆ ಜವಾನನ ಚಪ್ಪಲಿಯ ಸದ್ದಾಯಿತು, ನಿಲ್ಲಿಸಿದಳು. ಅಷ್ಟು ಮಾಡಿಯೂ ತಡೀರಿಗೆ ಬಂದದ್ದು ಹದಿನೈದು. ಫೇಲಾದ ಆ ಒಬ್ಬಳು ಅವಳೇ. ಕದ್ದದ್ದೂ ದಕ್ಕಲಿಲ್ಲ ಎಂದು ಟೀಚರ್ ತನ್ನನ್ನು ತಾನೇ ಹಳಿದುಕೊಂಡಳು.

ತಪಾಸಣೆಯ ದಿನ ಬೆಳಗ್ಗೆ ಅವಳು ಟೀಗೆ ಸಕ್ಕರೆಯ ಬದಲು ಉಪ್ಪು ಹಾಕಿದಳು. ಬಸ್ಸು ಓಡಿಸುವ ಗಂಡ ಒಂದು ಗುಟುಕು ಕುಡಿದು ಮುಖ ಹಿಂಡಿದ.

"ಏನೇ ಇದು? ಆಫೀಸರ್ ಬರೋದು ನಿಮ್ಮ ಸ್ಕೂಲಿಗೆ, ಶಿಕ್ಷೆ ನಂಗಾ?"

ಅವಳು ಸಕ್ಕರೆ ಡಬ್ಬಿ ತೆಗೆದು ನೋಡಿದಳು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ಹಂಗಾಯ್ತು ನಿನ್ ಕಥೆ. ನೀನೇನು ಕದ್ದಿದ್ದೀಯಾ ಮಾರಾಯ್ತಿ, ಇಷ್ಟು ಬೆವರೋಕೆ?" ಎಂದು ನಕ್ಕು, ಲೋಟ ತೊಟ್ಟಿಯಲ್ಲಿಟ್ಟು ಡ್ಯೂಟಿಗೆ ಹೊರಟ. ಎಲ್ಲವನ್ನೂ ಹೇಳಿಬಿಡೋಣ ಎಂದು ಅವಳು ಬಾಗಿಲವರೆಗೆ ಹೋದಳು. ಅಷ್ಟರಲ್ಲಿ ಅವನು ಮೆಟ್ಟಿಲಿಳಿದಾಗಿತ್ತು.

ಅಧಿಕಾರಿ ಹುಲಿಯಂತಿರುತ್ತಾರೆ ಎಂದುಕೊಂಡಿದ್ದಳು. ಬಂದವರು ನೆಗಡಿಯಾಗಿ ಮೂಗು ಕೆಂಪಾಗಿದ್ದ, ಸಣ್ಣ ದನಿಯ ಮನುಷ್ಯ. ಅದರಿಂದ ಅವಳ ಹೆದರಿಕೆ ಇಮ್ಮಡಿಯಾಯಿತು. ಕೂಗಾಡುವವರನ್ನು ಹೇಗೋ ಸಂಭಾಳಿಸಬಹುದು, ಸುಮ್ಮನೆ ನೋಡುವವರನ್ನು ಏನು ಮಾಡುವುದು?

"ನಾನೇ ಹೊಸ ಪ್ರಶ್ನೆಪತ್ರಿಕೆ ತಂದಿದ್ದೀನಿ. ಮಕ್ಕಳು ಇವತ್ತು ನನ್ನ ಮುಂದೆ ಮಾಡ್ಲಿ. ಟೀಚರ್ ಆಚೆ ಕೂತಿರಿ" ಎಂದರು.

ಒಂದೂವರೆ ಗಂಟೆ ಅವಳು ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಒಳಗಿನಿಂದ ಪೆನ್ಸಿಲ್ಲಿನ ಸದ್ದು, ಕೆಮ್ಮು, ಆಮೇಲೆ ರಬ್ಬರ್ ಉಜ್ಜುವ ಸದ್ದು. ನಲವತ್ತು ಮಕ್ಕಳು ಒಟ್ಟಿಗೆ ಉಜ್ಜಿದರೆ ಅದು ಹೊರಗೂ ಕೇಳಿಸುತ್ತದೆ. ಉಜ್ಜಬೇಡ್ರೋ ಎಂದು ಕೂಗಬೇಕೆನಿಸಿತು. ಪಕ್ಕದ ತರಗತಿಯ ಮೇಷ್ಟ್ರು ಇಣುಕಿ, "ನಿಮಗೇನ್ರೀ ಭಯ, ನಿಮ್ಮ ಮಕ್ಕಳು ಗಟ್ಟಿ" ಎಂದು ಹೋದರು. ಸಿಕ್ಕಿಬಿದ್ದರೆ ಈ ಗಟ್ಟಿ ಮಕ್ಕಳೆಲ್ಲ ನನ್ನ ಜೊತೆ ಮುಳುಗುತ್ತಾರೆ ಎಂಬುದೊಂದೇ ಅವಳ ತಲೆಯಲ್ಲಿ ಗಿರಗಿರ ಸುತ್ತುತ್ತಿತ್ತು.

ಮಧ್ಯಾಹ್ನ ಹೆಡ್‌ಮೇಡಂ ಕೋಣೆಗೆ ಕರೆ ಬಂತು. ಅಧಿಕಾರಿ ಹಾಳೆಗಳನ್ನು ತಾವೇ ನೋಡಿ ಮುಗಿಸಿದ್ದರು. ಹೆಡ್‌ಮೇಡಂ ಮೇಜಿನ ಅಂಚನ್ನು ಹಿಡಿದುಕೊಂಡು ಕೂತಿದ್ದರು.

"ಕೂತ್ಕೊಳ್ಳಿ ಟೀಚರ್" ಎಂದರು ಅಧಿಕಾರಿ. "ನಲವತ್ತಕ್ಕೆ ನಲವತ್ತೂ ಪಾಸು. ಇವತ್ತೂ ಹಾಳೆಗೆ ಎಂಟೋ ಒಂಬತ್ತೋ ಸಲ ಅಳಿಸಿದ್ದಾರೆ. ನನ್ನ ಕಣ್ಣೆದುರೇ ಹಿಂದಿನಿಂದ ಮುಂದಕ್ಕೆ ಬಂದು ತಿದ್ಕೊಂಡ್ರು. ಇದನ್ನ ಹೇಳ್ಕೊಟ್ಟಿದ್ದು ಯಾರು?"

"ನಾನೇ ಸರ್."

"ಭೇಷ್! ಇಲಾಖೆಗೆ ಬರೀತೀನಿ. ಈ ತರಗತಿಗೆ ಇನ್ನೇನೂ ಆಗಲ್ಲ. ಎರಡು ಪರೀಕ್ಷೇಲೂ ಒಂದೇ ಥರ ಮಾಡಿದ್ದಾರೆ, ಇನ್ನು ಯಾರು ಕೇಳೋಕಾಗುತ್ತೆ? ಅವರ ಅಂಕ ಅವರದ್ದೇ."

ಹೆಡ್‌ಮೇಡಂ ಜೋರಾಗಿ ಉಸಿರುಬಿಟ್ಟರು. ಟೀಚರಿಗೆ ಕಣ್ಣು ಮಂಜಾಯಿತು. ಬದುಕಿದೆಯಾ ಬಡಜೀವವೇ ಎಂದು ಏಳಲು ಹೊರಟಾಗ ಅಧಿಕಾರಿ ಮೂಗು ಒರೆಸಿಕೊಂಡು ಇನ್ನೊಂದು ಹಾಳೆ ತೆಗೆದರು.

"ಒಂದೇ ಒಂದು ಅರ್ಥ ಆಗ್ಲಿಲ್ಲ. ಇದು ಆವತ್ತಿನ ಹಾಳೆ, ಫೇಲಾದ ಹುಡುಗೀದು. ಮೊದಲ ಎರಡು ಪ್ರಶ್ನೆ ನೋಡಿ. ಎಲ್ಲ ಮಕ್ಕಳೂ ತಪ್ಪನ್ನ ಅಳಿಸಿ ಸರಿ ಮಾಡಿದ್ದಾರೆ. ಇವಳು ಸರಿ ಇದ್ದಿದ್ದನ್ನ ಅಳಿಸಿ ತಪ್ಪು ಮಾಡಿದ್ದಾಳೆ."

ಟೀಚರ್ ಹಾಳೆ ನೋಡಿದಳು. "ಸರಿ ಇದ್ದಿದ್ದಾ?"

"ಈ ವರ್ಷ ಎರಡು ಸೆಟ್ ಇತ್ತಲ್ಲ, ಅಕ್ಕಪಕ್ಕದವರು ನಕಲು ಮಾಡಬಾರದು ಅಂತ. ಲೆಕ್ಕ ಅವೇ, ಆದ್ರೆ ಉತ್ತರಗಳ ಕ್ರಮ ಬೇರೆ. ಇವಳದ್ದು ಎರಡನೇ ಸೆಟ್."

ಅವಳು ಬಿಡಿಸಿಟ್ಟಿದ್ದ ಪುಸ್ತಿಕೆ ಒಂದನೇ ಸೆಟ್ಟಿನದು. ಹಾಳೆಯ ಮೂಲೆಯಲ್ಲಿ ಸೆಟ್ಟಿನ ಸಂಖ್ಯೆ ಅಚ್ಚಾಗಿತ್ತು. ಹತ್ತೊಂಬತ್ತು ವರ್ಷ ಒಂದೇ ಪತ್ರಿಕೆ ನೋಡಿದ ಕಣ್ಣು ಆ ಮೂಲೆಗೆ ಹೋಗಿರಲೇ ಇಲ್ಲ. ಹುಡುಗಿ ಎರಡನ್ನೂ ಸರಿಯಾಗಿ ಮಾಡಿದ್ದಳು. ಹದಿನೇಳು ತೆಗೆದು ಪಾಸಾಗಿದ್ದವಳನ್ನು ಟೀಚರೇ ತನ್ನ ಕೈಯಾರೆ ಹದಿನೈದಕ್ಕೆ ಇಳಿಸಿ ಫೇಲು ಮಾಡಿದ್ದಳು.

"ಇವತ್ತು ಪಾಸಾಗಿದ್ದಾಳಲ್ಲ ಸರ್, ಅದನ್ನೇ ಹಿಡಿಯೋಕಾಗಲ್ವಾ?" ಹೆಡ್‌ಮೇಡಂ ಕೇಳಿದರು.

"ಇವತ್ತಿನದು ತಪಾಸಣೆಗೆ ಮಾತ್ರ ಮೇಡಂ. ಮಗು ತಾನೇ ಅಳಿಸಿದ್ರೆ ಕೊನೇಲಿ ತುಂಬಿದ್ದೇ ಲೆಕ್ಕ. ಬೇರೆಯವರು ತಿದ್ದಿದ್ದು ಅಂತ ರುಜುವಾತಾದ್ರೆ ಮಾತ್ರ ಹಳೇ ಉತ್ತರ ಹಿಡೀಬಹುದು. ಹುಡುಗೀನ ಕರೆಸಿ, ಒಂದು ಮಾತು ಕೇಳಿಬಿಡೋಣ."

ಆ ಐದು ನಿಮಿಷ ಟೀಚರಿಗೆ ಹಿಂದೆಂದೂ ಆಗದ ಹೆದರಿಕೆಯಾಯಿತು. ನಾನು ಅಳಿಸಿಲ್ಲ ಎಂದು ಹುಡುಗಿ ಹೇಳುತ್ತಾಳೆ. ಅಂದಮೇಲೆ ಅಳಿಸಿದವರು ಯಾರು? ಹಾಳೆ ಯಾರ ಕೈಯಲ್ಲಿತ್ತು? ಲಕೋಟೆಯ ಮೇಲೆ ಅವಳದೇ ರುಜು ಇದೆ. ಅಷ್ಟರಲ್ಲಿ ಬಾಗಿಲಲ್ಲಿ ತಡೀರಿ ಕಾಣಿಸಿಕೊಂಡಳು.

ಹುಡುಗಿಯನ್ನು ಅವಳಮ್ಮ ಫಲಿತಾಂಶ ಬಂದಾಗಿನಿಂದ ಲಾಂಡ್ರಿಗೆ ಹಾಕಿಕೊಂಡಿದ್ದಳು. ಇವತ್ತು ಮಾತ್ರ ಶಾಲೆಗೆ ಕಳಿಸಿದ್ದಳು. ಸೋಪಿನ ಪುಡಿಗೆ ಬೆರಳ ತುದಿಗಳು ಸುಕ್ಕುಗಟ್ಟಿದ್ದವು.

"ಬಾಮ್ಮ" ಎಂದರು ಅಧಿಕಾರಿ. "ಇಲ್ಲಿ ನೋಡು. ಈ ಎರಡು ಉತ್ತರ ನೀನು ಮೊದಲು ಸರಿ ಮಾಡಿದ್ದೆ. ಆಮೇಲೆ ಯಾಕೆ ಅಳಿಸಿದೆ?"

ಹುಡುಗಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಟೀಚರ್ ನೆಲ ನೋಡುತ್ತಾ ಕೂತಿದ್ದಳು.

"ಜ್ಞಾಪಕ ಇಲ್ಲ ಸರ್."

"ಬೇರೆ ಯಾರಾದ್ರೂ ಅಳಿಸಿರ್ಬಹುದಾ? ಹೆದರ್ಬೇಡ, ಹೇಳು."

"ಬೇರೆಯವ್ರು ಯಾಕೆ ಸರ್ ಅಳಿಸ್ತಾರೆ? ನಾನೇ ಅಳಿಸಿರ್ತೀನಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. "ಅಮ್ಮನೂ ಹೇಳ್ತಾಳೆ, ನಂಗೆ ಓದು ಹತ್ತಲ್ಲ ಅಂತ. ಸರಿ ಇದ್ದಿದ್ದನ್ನೂ ಕೆಡಿಸ್ಕೊಳ್ತೀನಿ ಸರ್ ನಾನು. ನನ್ ತಲೆ ಅಷ್ಟೇ." ಆಮೇಲೆ ಟೀಚರ ಕಡೆ ತಿರುಗಿದಳು. "ಸಾರಿ ಮಿಸ್. ನೀವು ಅಷ್ಟು ಹೇಳ್ಕೊಟ್ರಿ."

ಹುಡುಗಿ ಅಧಿಕಾರಿಗೆ ಕೈಮುಗಿದು ಹೊರಗೆ ಹೋದಳು.

"ಪಾಪ" ಎಂದರು ಅಧಿಕಾರಿ. "ಕೆಲವು ಮಕ್ಕಳು ಹಾಗೇ, ತಮ್ಮ ಮೇಲೆ ತಮಗೇ ನಂಬಿಕೆ ಇರಲ್ಲ. ಏನು ಮಾಡೋಕಾಗುತ್ತೆ?" ವರದಿಯನ್ನು ಅವಳತ್ತ ಸರಿಸಿದರು. "ಯಾವ ಅಕ್ರಮವೂ ಕಂಡುಬಂದಿಲ್ಲ ಅಂತ ಬರ್ದಿದ್ದೀನಿ. ಇಲ್ಲೊಂದು ಸೈನ್ ಹಾಕಿ, ನಾನೂ ನಾಲ್ಕರ ಬಸ್ಸು ಹಿಡೀತೀನಿ."

ಹೆಡ್‌ಮೇಡಂ ನಗುತ್ತಾ ಪೆನ್ನು ಮುಂದೆ ಚಾಚಿದರು. ಟೀಚರ್ ತೆಗೆದುಕೊಂಡಳು. ಕಾಗದದ ಮೇಲೆ ಅದನ್ನು ಊರಿದಳು ಕೂಡ. ಒಂದು ರುಜು ಹಾಕಿದರೆ ಎಲ್ಲ ಮುಗಿದಂತೆ. ಸಂಜೆ ಮನೆಗೆ ಹೋಗಬಹುದು, ಗಂಡನಿಗೆ ನೆಟ್ಟಗೆ ಒಂದು ಟೀ ಮಾಡಿಕೊಡಬಹುದು, ಜೂನ್‌ನಲ್ಲಿ ಹೊಸ ಮಕ್ಕಳು ಬರುತ್ತಾರೆ. ಅವಳು ಪೆನ್ನನ್ನು ವರದಿಯ ಮೇಲೆ ಅಡ್ಡ ಇಟ್ಟಳು.

"ಸರ್, ಆ ಹುಡುಗಿ ಅಳಿಸಿಲ್ಲ" ಎಂದಳು. ಅದು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಬೇಕಾಯಿತು. "ಅವಳು ಅಳಿಸಿಲ್ಲ ಸರ್. ನಾನು ಅಳಿಸಿದ್ದು. ಲಕೋಟೆಗೆ ಹಾಕೋ ಮುಂಚೆ, ಸ್ಟಾಫ್ ರೂಮಲ್ಲಿ. ಸರಿ ಮಾಡೋಣ ಅಂತ ಹೋದೆ. ಸೆಟ್ ನೋಡ್ಲಿಲ್ಲ."

ಹೆಡ್‌ಮೇಡಂ ಮುಖದ ನಗು ಹಾಗೇ ನಿಂತುಬಿಟ್ಟಿತು. ಅಧಿಕಾರಿ ಕರವಸ್ತ್ರವನ್ನು ಮೂಗಿನಿಂದ ಕೆಳಗಿಳಿಸಿದರು.

"ಟೀಚರ್, ಇದನ್ನ ನಾನು ಬರ್ಕೊಂಡ್ರೆ ಏನಾಗುತ್ತೆ ಗೊತ್ತಲ್ವಾ ನಿಮಗೆ?"

"ಗೊತ್ತು ಸರ್."

"ನಾನಿನ್ನೂ ಬರ್ಕೊಂಡಿಲ್ಲ."

"ಬರ್ಕೊಳ್ಳಿ ಸರ್" ಎಂದಳು. "ಆದ್ರೆ ಮೊದಲು ಅವಳನ್ನ ವಾಪಸ್ ಕರೀರಿ. ಗೇಟು ದಾಟಿರಲ್ಲ ಇನ್ನೂ. ಅವಳದ್ದು ಹದಿನೇಳು ಅಂತ ಅವಳಿಗೆ ಹೇಳ್ಬೇಕು."