ಮಾದರಿ ಆದೇಶ

ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಸೇವೆಯಾದ ಅಧಿಕಾರಿಗಳಿಗೆ ಆಡಳಿತ ಕಲಿಸಬೇಕೆಂದು ಯಾರಿಗೆ ಹೊಳೆಯಿತೋ, ಅವರು ಹಣ್ಣೆಲೆಗೆ ಹಸಿರು ಬಣ್ಣ ಬಳಿಯಲು ಹೊರಟವರೇ ಇರಬೇಕು. ಇಂದ್ರಾಣಿ ಹಾಗೆಂದು ಗೊಣಗಿಕೊಂಡೇ ದಿನಾ ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಬನಶಂಕರಿಯ ನಗರಾಡಳಿತ ಕಚೇರಿಯೊಂದರಲ್ಲಿ ಅವರು ಸಹಾಯಕ ಆಯುಕ್ತೆ. ನಿವೃತ್ತಿಗೆ ಮುಂಚೆ ಒಂದು ಬಡ್ತಿ ಬರುವುದಿತ್ತು. ಆನ್‌ಲೈನ್ ತರಬೇತಿ ಮುಗಿಸಿದ ಸರ್ಟಿಫಿಕೇಟ್ ಇಲ್ಲದಿದ್ದರೆ ಬಡ್ತಿ ಇಲ್ಲ ಎಂದು ಹೊಸ ಸುತ್ತೋಲೆ ಹೇಳಿತ್ತು.

ಉಳಿದ ಅಧಿಕಾರಿಗಳು ಇದಕ್ಕೆ ದಾರಿ ಕಂಡುಕೊಂಡಿದ್ದರು. ಕೆಲವರು ಕ್ಯಾಮೆರಾ ಆಫ್ ಮಾಡಿ ಊಟ ಮುಗಿಸುತ್ತಿದ್ದರು, ಒಬ್ಬರಂತೂ ತಮ್ಮ ಬದಲಿಗೆ ಡ್ರೈವರನ್ನೇ ಕೂರಿಸಿದ್ದರು. ಇಂದ್ರಾಣಿಗೆ ಅದು ಆಗದ ಕೆಲಸ. ಕತ್ರಿಗುಪ್ಪೆಯ ಹಳೇ ಊರಿನ ಒಂದೇ ಕೋಣೆಯ ಮನೆಯಲ್ಲಿ, ಬುದ್ಧನ ಪಟದ ಕೆಳಗೆ ಕೂತು ಓದಿ ಬಂದ ಹೆಣ್ಣುಮಗಳು ಅವರು. ಪಾಠ ಎಂದಮೇಲೆ ಬೆನ್ನು ನೆಟ್ಟಗಿಟ್ಟು ಕೇಳಬೇಕು ಎಂಬುದು ಮೈಗಂಟಿಕೊಂಡಿತ್ತು.

ಪಾಠ ಮಾಡುತ್ತಿದ್ದ ಸೌಮ್ಯ ಇಂದ್ರಾಣಿಯ ಮಗಳ ವಯಸ್ಸಿನವಳು. ಒಂದು ದಿನ ಅವಳು ಹೋಮ್‌ವರ್ಕ್ ಕೊಟ್ಟಳು.

"ನಿಮ್ಮ ಏರಿಯಾದಲ್ಲಿ ಮಾಡ್ಬೇಕು ಮಾಡ್ಬೇಕು ಅಂದ್ಕೊಂಡು ಮಾಡ್ದೇ ಬಿಟ್ಟಿರೋ ಒಂದು ಕೆಲ್ಸ ನೆನಪು ಮಾಡ್ಕೊಳ್ಳಿ. ಯಾವ ಅಡ್ಡಿನೂ ಇಲ್ಲ ಅಂತ ಊಹಿಸ್ಕೊಳ್ಳಿ. ಅದಕ್ಕೊಂದು ಮಾದರಿ ಆದೇಶ ಬರ್ದು, ಸೈನ್ ಮಾಡಿ, ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಿ."

"ಅಡ್ಡಿನೇ ಇಲ್ಲ ಅಂದ್ರೆ ನಾವ್ಯಾಕೆ ಬೇಕು ಮೇಡಂ?" ಎಂದರು ಯಾವುದೋ ಊರಿನ ಅಧಿಕಾರಿ. ಕ್ಯಾಮೆರಾ ಆಫ್ ಆಗಿದ್ದವರೂ ನಕ್ಕದ್ದು ಕೇಳಿಸಿತು.

ಇಂದ್ರಾಣಿ ನಗಲಿಲ್ಲ. ಅವರಿಗೆ ತಕ್ಷಣ ಕಣ್ಮುಂದೆ ಬಂದದ್ದು ಕತ್ರಿಗುಪ್ಪೆಯ ಪುಟ್ಟ ಮಾರ್ಕೆಟ್ಟಿನ ಮಹಿಳೆಯರ ಶೌಚಾಲಯ. ಪಕ್ಕದ ಕಲ್ಯಾಣ ಮಂಟಪದ ಮಾಲೀಕರು, ಮದುವೆಗೆ ಬಂದವರ ಕಣ್ಣಿಗೆ ಅದು ಬೀಳುತ್ತದೆ ಎಂದು ದೂರಿದ್ದರು. ಮೇಲಧಿಕಾರಿ ಗುರುಶಾಂತಪ್ಪನವರು "ಸದ್ಯಕ್ಕೆ ಮುಚ್ಚಿ" ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಆ ಸದ್ಯಕ್ಕೆ ಎರಡು ವರ್ಷ ತುಂಬಿ, ಬೀಗ ತುಕ್ಕು ಹಿಡಿದಿತ್ತು. ನಸುಕಿನಲ್ಲೇ ಬಂದು ಸೊಪ್ಪು, ಹೂವು ಹರಡಿಕೊಳ್ಳುವ ಹೆಂಗಸರು ಮನೆಗೆ ವಾಪಸ್ ಹೋಗುವವರೆಗೆ ಒಂದು ಲೋಟ ನೀರು ಕುಡಿಯುವುದಿಲ್ಲ. ಇದನ್ನು ಇಂದ್ರಾಣಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸ್ಥಳ ತನಿಖೆಗೆ ಹೊರಡುವ ದಿನ ಅವರೂ ಬೆಳಗಿನ ಕಾಫಿ ಬಿಡುತ್ತಿದ್ದರು. ಕೆಲಸಕ್ಕೆ ಸೇರಿದಾಗಿನಿಂದ ಹೀಗೇ. ಜೊತೆಯ ಗಂಡಸರು ದಾರಿಯಲ್ಲಿ ಟೀ ಕುಡಿಯುವಾಗ "ನಂಗೆ ಅಭ್ಯಾಸ ಇಲ್ಲ" ಎನ್ನುವುದು ಬಾಯಿಪಾಠವಾಗಿತ್ತು.

ಅವರು ಬರೆದರು. ಮಾದರಿ ಎಂದು ಸೌಮ್ಯ ಹೇಳಿದ್ದಳು ನಿಜ, ಆದರೆ ಮೂವತ್ತು ವರ್ಷ ಆದೇಶ ಬರೆದ ಕೈಗೆ ಮಾದರಿ ಬರೆಯಲು ಬರಬೇಕಲ್ಲ! ಕಚೇರಿಯ ಲೆಟರ್‌ಹೆಡ್ ಮೇಲೆ ಮೊದಲು ಪ್ರಸ್ತಾವನೆ, ಆಮೇಲೆ ಆದೇಶ, ಕೊನೆಗೆ ಯಾರ್ಯಾರಿಗೆ ಪ್ರತಿ ಎಂಬುದೂ ಬಂತು. ಬೆಳಿಗ್ಗೆ ಐದರಿಂದ ಬಾಗಿಲು ತೆರೆದಿರಬೇಕು, ನೀರು ಇರಬೇಕು, ವಿಳಂಬಕ್ಕೆ ಆಸ್ಪದ ಕೊಡಬಾರದು. ಸಹಿ ಹಾಕಿ ಮೊಹರು ಒತ್ತಿದರು. ಸ್ಕ್ಯಾನ್ ಆಗಿ ಬಂದ ಕಾಗದವನ್ನು ಅವರ ಕೈ, ಯಜಮಾನಿಯನ್ನು ಒಂದು ಮಾತೂ ಕೇಳದೆ, ದಿನಾ ಹಾಕುವ ಹಾಗೆ ಬಲಗಡೆಯ ಟ್ರೇಗೆ ಹಾಕಿತು.

ಆ ಟ್ರೇ ಟಪಾಲು ವಿಭಾಗದ ಸಂಜೀವಯ್ಯನ ಸಾಮ್ರಾಜ್ಯ. ಅದಕ್ಕೆ ಬಿದ್ದ ಕಾಗದಕ್ಕೆ ನಂಬರ್ ಹಾಕಿ, ಅದರ ಕೆಳಗೆ ಯಾರ ಹೆಸರಿದೆಯೋ ಅವರಿಗೆಲ್ಲ ಮುಟ್ಟಿಸುವುದು ಅವನ ಕೆಲಸ. "ಸಹಿ ಆದ ಕಾಗ್ದ ಸಂಜೆವರೆಗೂ ಬಿಟ್ರೆ ಮೊಟ್ಟೆ ಇಡುತ್ತೆ" ಎನ್ನುತ್ತಿದ್ದ. ಒಳಗೆ ಏನು ಬರೆದಿದೆ ಎಂದು ಅವನು ಓದುತ್ತಿರಲಿಲ್ಲ. ಓದುವುದು ಅಧಿಕಪ್ರಸಂಗ ಎಂಬುದು ಅವನ ನಂಬಿಕೆ.

ಮೂರನೆಯ ದಿನ ತರಗತಿಯಲ್ಲಿ ಸೌಮ್ಯ ಹತ್ತಕ್ಕೆ ನಾಲ್ಕು ಅಂಕ ಕೊಟ್ಟಳು.

"ಇಂದ್ರಾಣಿ ಮೇಡಂ, ಐಡಿಯಾ ಚೆನ್ನಾಗಿದೆ. ಆದ್ರೆ ಬರೀ ಫೈಲ್ ಭಾಷೆ. ಜಾರಿ ಆಗೋ ಥರ ಕಾಣ್ಸಲ್ಲ."

ಅಷ್ಟರಲ್ಲಿ ಫೋನ್ ಗುಂಯ್‌ಗುಟ್ಟಿತು. ಎಂಜಿನಿಯರ್ ದಿನೇಶ್ ಫೋಟೊ ಕಳಿಸಿದ್ದ. ತೆರೆದ ಬಾಗಿಲು, ತೊಳೆದ ನೆಲ, ಹೊಸ ನಲ್ಲಿ. ಕೆಳಗೆ, 'ಮೇಡಂ, ತಮ್ಮ ಆದೇಶ ಜಾರಿ ಮಾಡಲಾಗಿದೆ.'

"ಅಯ್ಯೋ, ಯಾರಪ್ಪಾ ಹೇಳಿದ್ದು ನಿಂಗೆ!" ಎಂದು ಇಂದ್ರಾಣಿ ಕೂಗಿದರು. ಮೈಕ್ ಆನ್ ಆಗಿತ್ತು. ರಾಜ್ಯದ ಅಷ್ಟೂ ಅನುಭವಿ ಅಧಿಕಾರಿಗಳು ಅದನ್ನು ಕೇಳಿಸಿಕೊಂಡರು.

ಗುರುಶಾಂತಪ್ಪನವರ ಫೋನ್ ಬರಲು ಸಂಜೆಯೂ ಆಗಲಿಲ್ಲ. ಮಂಟಪದವರು ಆಗಲೇ ಅವರ ಕಿವಿ ಊದಿದ್ದರು.

"ಏನ್ರೀ ಇಂದ್ರಾಣಿಯವ್ರೆ, ನನ್ನ ಒಂದ್ ಮಾತು ಕೇಳ್ಬಾರ್ದಾ?"

ಇಂದ್ರಾಣಿ ತರಬೇತಿಯ ಕತೆ ಪೂರ್ತಿ ಹೇಳಿದರು. ಅತ್ತ ಕಡೆಯಿಂದ ಜೋರು ನಗು.

"ಹಂಗಾದ್ರೆ ಸುಲಭ ಆಯ್ತು ಬಿಡಿ. ಕಣ್ತಪ್ಪಿನಿಂದ ಹೋಗಿದೆ, ವಾಪಸ್ ತಗೊಂಡಿದೀವಿ ಅಂತ ಎರಡ್ ಲೈನ್ ಬರೀರಿ. ನಾಳೆ ಮಧ್ಯಾಹ್ನದೊಳ್ಗೆ ಬೀಗ ಬೀಳ್ಲಿ. ನಿಮ್ ಬಡ್ತಿ ಫೈಲು ನನ್ ಟೇಬಲ್ ಮೇಲೇ ಇದೆ, ಚೆನ್ನಾಗಿ ಬರ್ದು ಕಳಿಸ್ತೀನಿ."

ಬೆಲ್ಲದ ಜೊತೆಗೇ ಬೆತ್ತ ತೋರಿಸುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇಂದ್ರಾಣಿ "ಆಯ್ತು ಸಾರ್" ಎಂದರು. ಎರಡು ಸಾಲನ್ನು ಟೈಪ್ ಮಾಡಿಸಿ, ಪ್ರಿಂಟ್ ತೆಗೆಸಿ ಮೇಜಿನ ಮೇಲಿಟ್ಟುಕೊಂಡರು. ಸಹಿ ಹಾಕಲು ಪೆನ್ನು ತೆಗೆದರು. ಯಾಕೋ, ಮುಚ್ಚುವ ಮೊದಲು ಒಂದು ಸಲ ನೋಡಿ ಬರೋಣ ಅನ್ನಿಸಿ ಪೆನ್ನಿನ ಮುಚ್ಚಳ ಹಾಕಿದರು.

ಮರುದಿನ ಬೆಳಿಗ್ಗೆ ವಸಂತಪುರದ ಮನೆಯಿಂದ ಕಾಫಿ ಕುಡಿಯದೆ ಹೊರಟು ನೇರ ಮಾರ್ಕೆಟ್ಟಿಗೆ ಬಂದರು. ಸೊಪ್ಪಿನ ಕಟ್ಟುಗಳ ನಡುವೆ ಮುನಿಯಕ್ಕ ಕೂತಿದ್ದಳು. ಹಳೇ ಬೀದಿಯವಳು, ಇಂದ್ರಾಣಿಯ ತಾಯಿಯ ಗೆಳತಿ. ಇಂದ್ರಾಣಿ ದೊಡ್ಡ ಆಫೀಸಿನಲ್ಲಿದ್ದಾಳೆ ಎಂದು ಅವಳಿಗೆ ಗೊತ್ತು, ಯಾವ ಆಫೀಸು ಎಂದು ಗೊತ್ತಿಲ್ಲ.

"ಬಾರವ್ವ ಇಂದ್ರಾಣಿ. ಟೀ ತರಿಸ್ಲಾ? ನಾನಂತೂ ಆಗ್ಲೇ ಕುಡ್ದೆ. ನೀರೂ ಕುಡ್ದೆ, ಒಂದು ಚೊಂಬು!"

"ಬೆಳಿಗ್ಗೆನೇನಾ ಅಕ್ಕ?"

"ಹೂಂ ಕಣವ್ವ. ಉರಿ ಉರಿ ಅಂತ ಆಸ್ಪತ್ರೆಗೆ ಹೋದಾಗೆಲ್ಲಾ ಡಾಕ್ಟ್ರು ನೀರು ಕುಡಿ, ನೀರು ಕುಡಿ ಅಂತಿದ್ರು. ಕುಡ್ದು ಎಲ್ಲಿಗೋಗ್ಲಿ ಅಂತ ಆ ಗಂಡಸಿಗೆ ಹೆಂಗೆ ಹೇಳ್ಲಿ?" ಮುನಿಯಕ್ಕ ಶೌಚಾಲಯದ ಕಡೆ ಗದ್ದ ತೋರಿಸಿದಳು. "ಯಾರೋ ಹೊಸ ಆಫೀಸರ್ ಬಂದವ್ರಂತೆ. ಹಳೇ ಮುಂಡೇವಕ್ಕೆ ಕಣ್ಣಿರ್ಲಿಲ್ಲ ಬಿಡು."

ಇಂದ್ರಾಣಿಗೆ ಮುಖ ಬಿಸಿಯಾಯಿತು. ನಾನೇ ಆ ಹಳೇ ಮುಂಡೇದು ಎನ್ನಲು ಬಾಯಿ ಬರಲಿಲ್ಲ. ನಾಚಿಕೆ ಒಂದು ಕಡೆ, ಅಳು ಇನ್ನೊಂದು ಕಡೆ. ಎರಡು ವರ್ಷ ಇದೇ ಬೀಗದ ಮುಂದೆ ಜೀಪಿನಲ್ಲಿ ಓಡಾಡಿದವರಿಗೆ, ಅದನ್ನು ತೆಗೆಸಲು ತಮ್ಮದೇ ಒಂದು ಸಹಿ ಸಾಕಿತ್ತು ಎಂಬುದು ಈಗ ಗೊತ್ತಾಗಿತ್ತು. ಅಷ್ಟಕ್ಕೂ ಮುಚ್ಚಿ ಎಂದು ಯಾರೂ ಬರೆದುಕೊಟ್ಟಿರಲೇ ಇಲ್ಲ.

"ಟೀ ಬೇಡ್ವಾ? ನಿಂಗೆ ಅಭ್ಯಾಸ ಇಲ್ಲ ಅಲ್ವಾ, ಮರ್ತೇಬಿಟ್ಟಿದ್ದೆ" ಎಂದಳು ಮುನಿಯಕ್ಕ.

"ತರ್ಸಕ್ಕ, ಕುಡಿತೀನಿ."

ಕಚೇರಿಗೆ ಬಂದಾಗ ಎರಡು ಸಾಲಿನ ಕಾಗದ ಹಾಗೇ ಕಾಯುತ್ತಿತ್ತು. ಇಂದ್ರಾಣಿ ಅದನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು. ಹೊಸ ಹಾಳೆ ತೆಗೆದು ಗುರುಶಾಂತಪ್ಪನವರಿಗೆ ತಮ್ಮ ಕೈಯಲ್ಲೇ ಬರೆದರು: 'ಮಾರುಕಟ್ಟೆಯ ಮಹಿಳಾ ಶೌಚಾಲಯವನ್ನು ಮುಚ್ಚುವಂತೆ ತಾವು ದೂರವಾಣಿಯಲ್ಲಿ ತಿಳಿಸಿರುತ್ತೀರಿ. ಸದರಿ ಸೂಚನೆಯನ್ನು ಕಾರಣಸಹಿತ ಲಿಖಿತವಾಗಿ ನೀಡಿದಲ್ಲಿ ಮುಂದಿನ ಕ್ರಮ ಕೈಗೊಳ್ಳಲಾಗುವುದು.' ಕೆಳಗೆ ಇನ್ನೂ ಮೇಲಿನವರಿಗೊಂದು ಪ್ರತಿ.

ಹೆಂಗಸರ ಶೌಚಾಲಯ ಮುಚ್ಚಿ ಎಂದು ಬರೆದು ಸಹಿ ಹಾಕುವ ಗಂಡು ಇನ್ನೂ ಹುಟ್ಟಿಲ್ಲ. ಬಡ್ತಿ ಫೈಲೂ ಇನ್ನು ಆ ಟೇಬಲ್ಲಿನಿಂದ ಏಳುವುದಿಲ್ಲ. ಎರಡೂ ಇಂದ್ರಾಣಿಗೆ ಒಟ್ಟಿಗೇ ಗೊತ್ತಾಯಿತು. ಬಡ್ತಿಯ ಆಸೆ ಇರಲಿಲ್ಲ ಎಂದರೆ ಸುಳ್ಳು. ಹಳೇ ಬೀದಿಯಿಂದ ಅಷ್ಟು ಎತ್ತರಕ್ಕೆ ಹೋದವರು ಯಾರೂ ಇರಲಿಲ್ಲ, ಅವ್ವ ಇದ್ದಿದ್ದರೆ ಬೀದಿಗೆಲ್ಲ ಸಿಹಿ ಹಂಚುತ್ತಿದ್ದಳು. ಆದರೂ ಸಹಿ ಹಾಕಿ, ಮೊಹರು ಒತ್ತಿ, ಈ ಸಲ ನೋಡಿಕೊಂಡೇ ಬಲಗಡೆಯ ಟ್ರೇಗೆ ಹಾಕಿದರು.

ಸಂಜೀವಯ್ಯ ಬಂದ. ಕಾಗದ ಎತ್ತಿಕೊಂಡವನು ಎಂದಿನಂತೆ ಹೊರಡಲಿಲ್ಲ. ಕನ್ನಡಕ ಏರಿಸಿ ಮೇಲಿಂದ ಕೆಳಗೆ ಓದಿದ. ಇನ್ನೊಂದು ಸಲ ಓದಿದ.

"ಮೇಡಂ," ಎಂದ ಮೆಲ್ಲಗೆ, "ಇದು ಕ್ಲಾಸಿಂದಾ, ನಿಜದ್ದಾ? ಬೇಕಂದ್ರೆ ಇವತ್ತೊಂದಿನ ಇಲ್ಲೇ ಇರ್ಲಿ. ನಾನು ನೋಡ್ಲಿಲ್ಲ ಅಂತೀನಿ."

ಇಂದ್ರಾಣಿ ಮೇಜಿನ ಮೇಲಿನ ಬಾಟಲಿ ತೆಗೆದು ಅರ್ಧ ನೀರು ಕುಡಿದರು.

"ನಿಜದ್ದೇ ಸಂಜೀವಯ್ಯ. ಮೊಟ್ಟೆ ಇಡೋ ಮುಂಚೆ ತಗೊಂಡ್ಹೋಗಿ."