ಖಾಜಾಸಾಬನ ಹ್ಞೂಂ

ನಜಮಾ ತೀರಿಕೊಂಡ ಮೇಲೆ ಅವಳ ಗಂಡ ಖಾಜಾಸಾಬನ ಬಾಯಲ್ಲಿ ಉಳಿದದ್ದು ಒಂದೇ ಮಾತು: ಹ್ಞೂಂ. ಊಟ ಆಯಿತೇ ಅಂದರೆ ಹ್ಞೂಂ, ರೇಡಿಯೋ ರಿಪೇರಿ ಆಯಿತೇ ಅಂದರೆ ಹ್ಞೂಂ, ಈ ಸಲ ಮಳೆ ಆಗುತ್ತದೆಯೇ ಅಂದರೂ ಹ್ಞೂಂ. ಮಳೆ ಏನು ಇವನ ಅಪ್ಪನ ಮನೆಯದೇ? ಆದರೆ ಹ್ಞೂಂ ಅಂದರೆ ಎದುರಿನವರು ಎದ್ದು ಹೋಗುತ್ತಾರೆ. ಇಲ್ಲ ಅಂದರೆ ಯಾಕೆ ಎಂದು ಕೇಳುತ್ತ ಕೂತೇಬಿಡುತ್ತಾರೆ. ಅಷ್ಟು ಮಾತ್ರ ಅವನಿಗೆ ತಿಳಿದಿತ್ತು. ದುಃಖವಾದರೂ ಇತ್ತೇ ಅಂದರೆ ಅದೂ ಇರಲಿಲ್ಲ. ಮಣ್ಣು ಕೊಟ್ಟು ಬಂದ ದಿನ ಅಳು ಬಂದೀತೆಂದು ಗೋಡೆಗೆ ಆತು ಕೂತ. ಬರಲಿಲ್ಲ. ಆಮೇಲೆ ಅದಕ್ಕೆ ಕಾಯುವುದನ್ನೂ ಬಿಟ್ಟ. ಒಳಗೆಲ್ಲ ಜೋಮು ಹಿಡಿದ ಕಾಲಿನ ಹಾಗಿತ್ತು, ಚಿವುಟಿದರೂ ಗೊತ್ತಾಗದು.

ಝಳಕಿಯ ಹೆದ್ದಾರಿ ಪಕ್ಕದಲ್ಲಿ ಅವನ ರೇಡಿಯೋ ಅಂಗಡಿ. ಅದಕ್ಕೂ ಮುಂಚೆ ನೌಕಾದಳದಲ್ಲಿದ್ದವ. ಹಡಗಿನ ಹೊಟ್ಟೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ನೀರೊಳಗೆ ಬಿಟ್ಟ ಸದ್ದು ಯಾವುದಕ್ಕೆ ಬಡಿದು ಹಿಂದೆ ಬರುತ್ತದೆ ಎಂದು ಕೇಳುವುದೇ ಅವನ ನೌಕರಿಯಾಗಿತ್ತು. ಇಂಡಿ ತಾಲೂಕಿನ ಕರಿಮಣ್ಣಿನಲ್ಲಿ ಹುಟ್ಟಿದವನಿಗೆ ಸಮುದ್ರದ ತಳದ ಕಥೆಯೆಲ್ಲ ಗೊತ್ತು ಎಂದು ಊರಿಗೆ ಊರೇ ಹೇಳಿಕೊಂಡು ತಿರುಗುತ್ತಿತ್ತು.

ತಮ್ಮ ಮೈಬೂಬ ಬೇರೆ ಧಾಟಿಯವ. ಕಾರವಾರದಿಂದ ಸೊಲ್ಲಾಪುರಕ್ಕೆ ಒಣಮೀನಿನ ಲಾರಿ ಹೊಡೆಯುತ್ತಿದ್ದವ, ಎರಡು ಸಲ ದೋಣಿ ಹತ್ತಿ ನೋಡಿದ್ದೇ ತಡ, ಸಮುದ್ರದ ಹುಚ್ಚು ಹಿಡಿಸಿಕೊಂಡ. ಲಾರಿ ಬಿಟ್ಟು ಅಲ್ಲಿಯ ಒಂದು ಮೀನುದೋಣಿಯಲ್ಲಿ ಪಾಲು ಹಾಕಿದ. ಹೆಂಡತಿ ಮೆಹರಾಜ ಮಾತ್ರ ಝಳಕಿಯಲ್ಲೇ ಉಳಿದು ಭಾವನಿಗೆ ರೊಟ್ಟಿ ಬಡಿದು ಹಾಕುತ್ತಿದ್ದಳು. ದೋಣಿಯದು ದೂರದ ಸಮುದ್ರವಲ್ಲ. ನದಿ ಬಂದು ಉಪ್ಪುನೀರು ಸೇರುವ ಬಾಯಿ, ಅದರ ಹಿನ್ನೀರು. ಆಳವಿಲ್ಲ, ಆದರೆ ತಳದಲ್ಲಿ ಉಸುಕಿನ ದಿಬ್ಬ, ಬಂಡೆ. ಹೋದ ವರ್ಷ ದೋಣಿ ಬಂಡೆಗೆ ತಾಗಿ ಬಿರುಕುಬಿಟ್ಟು, ಎಲ್ಲರೂ ಹಲಗೆ ತಬ್ಬಿಕೊಂಡು ದಡ ಸೇರಿದ್ದರು. ಅದಕ್ಕೇ ಈಗ ತಳವನ್ನೂ ಮೀನನ್ನೂ ತೋರಿಸುವ ಯಂತ್ರ ಬೇಕಾಗಿತ್ತು. ಮುಂಬಯಿ ವ್ಯಾಪಾರಿಯೊಬ್ಬ ಎರಡು ಯಂತ್ರ ಕೊಟ್ಟು, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸು ಕಳಿಸು ಅಂದಿದ್ದ. ಮೈಬೂಬ ಎರಡನ್ನೂ ಹೊತ್ತು ಸೀದಾ ಅಣ್ಣನ ಹತ್ತಿರ ಬಂದ.

ಬರಲೇಬೇಕಲ್ಲ! ದೊಡ್ಡವನು ಹ್ಞೂಂ ಅನ್ನದೆ ಆ ಮನೆಗೆ ಏನೂ ಬಂದದ್ದಿಲ್ಲ. ಎತ್ತು ಬಂದದ್ದು ಹಾಗೆ, ಹೊಲಿಗೆ ಮಿಷಿನ್ ಬಂದದ್ದು ಹಾಗೆ. ಮೆಹರಾಜಳನ್ನು ನೋಡಿ ಬಂದ ದಿನ ಮೈಬೂಬ ಅಣ್ಣನ ಮುಖವನ್ನೇ ನೋಡುತ್ತ ಕೂತಿದ್ದನಂತೆ. ಅಣ್ಣ ಒಮ್ಮೆ ಹ್ಞೂಂ ಅಂದನೋ, ಮುಗಿಯಿತು. ಅದರ ಮೇಲೆ ಯಾರೂ ಎರಡನೇ ಮಾತು ಆಡುವಂತಿಲ್ಲ.

ಝಳಕಿಯಲ್ಲಿ ಸಮುದ್ರ ಎಲ್ಲಿಂದ ತರಬೇಕು? ಗುರಲಿಂಗಪ್ಪನ ತೋಟದ ಬಾವಿಯೇ ಗತಿ. ಕಲ್ಲು ಕಟ್ಟಿದ ದೊಡ್ಡ ಬಾವಿ, ಬೇಸಿಗೆಯಲ್ಲೂ ಆರೇಳು ಮಾರು ನೀರು. ಟ್ರ್ಯಾಕ್ಟರಿನ ಬ್ಯಾಟರಿ ಬಂತು, ಯಂತ್ರದ ಸದ್ದು ಬಿಡುವ ಬಿಲ್ಲೆಯನ್ನು ವೈರಿನಲ್ಲಿ ನೀರಿಗೆ ಇಳಿಬಿಟ್ಟರು. ಕೆಲಸವಿದ್ದವರೂ ಇಲ್ಲದವರೂ ಬಂದು ಕಟ್ಟೆಯ ಮೇಲೆ ಸಾಲು ಹಿಡಿದರು.

"ಏ ಮೈಬೂಬ, ಸಮುದ್ರದ ಮಷಿನ್‌ಗೆ ನನ್ನ ಬಾವಿ ನೀರು ಒಗ್ಗತೈತೇನೋ? ನೆಗಡಿ ಆದೀತು ನೋಡು!" ಎಂದ ಗುರಲಿಂಗಪ್ಪ.

ಮೊದಲು ಸಣ್ಣ ಯಂತ್ರ. ಅದರಲ್ಲಿ ಕಾಗದವಿಲ್ಲ, ಗಡಿಯಾರದಂಥ ಒಂದು ಮುಖ, ಅದರ ಮೇಲೆ ಕೆಂಪು ದೀಪ ಮಿನುಗುತ್ತದೆ ಅಷ್ಟೆ. ಸೊನ್ನೆಯ ಹತ್ತಿರ ಒಂದು ಮಿಣುಕು, ತಳದ ಆಳಕ್ಕೆ ಒಂದು ಮಿಣುಕು. ಜನ ಸ್ವಲ್ಪ ಹೊತ್ತು ನೋಡಿ ಬೇಸರಪಟ್ಟರು. ಮಕ್ಕಳ ಆಟದ ಸಾಮಾನು ಎಂದರು.

ಆಮೇಲೆ ದೊಡ್ಡದು. ಅಬ್ಬಬ್ಬಾ, ಅದರ ಗತ್ತೇನು! ಗಾಜಿನ ಹಿಂದೆ ಕಾಗದದ ಸುರುಳಿ ಸರಿಯುತ್ತದೆ, ಮುಳ್ಳು ಕಾಗದವನ್ನು ಸುಡುತ್ತ ಗೆರೆ ಎಳೆಯುತ್ತದೆ, ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಮೇಲೆ ದಪ್ಪನೆಯ ಕರೀ ಪಟ್ಟಿ, ಕೆಳಗೆ ತಳದ ಗೆರೆ, ನಡುವೆ ತುಂಬ ಚುಕ್ಕೆ, ಬಿಲ್ಲು, ಗೀಟು.

"ಮೀನು!" ಎಂದು ಯಾರೋ ಕೂಗಿದರು. "ಎಲಾ ಇವನ, ಬಾವಿ ತುಂಬಾ ಮೀನು!"

ಗುರಲಿಂಗಪ್ಪ ಎದೆ ಉಬ್ಬಿಸಿಕೊಂಡು ನಿಂತ. ಮೈಬೂಬನ ಮುಖ ಅರಳಿತು.

ಖಾಜಾಸಾಬ ಕಾಗದ ನೋಡಿದ. ನೋಡಿದ ಕೂಡಲೇ ಅವನಿಗೆ ಎಲ್ಲ ಗೊತ್ತಾಯಿತು. ಈ ಯಂತ್ರದ ಸದ್ದು ಅಗಲಕ್ಕೆ ಹರಡುತ್ತದೆ. ಬಾವಿಯ ಗೋಡೆಗೆ, ಮೆಟ್ಟಿಲಿಗೆ ಬಡಿದು ಬಂದದ್ದೇ ಇಲ್ಲಿ ಮೀನಾಗಿದೆ. ಇದು ಆಳದ ಸಮುದ್ರದ ಯಂತ್ರ. ಕಡಿಮೆ ನೀರಿನಲ್ಲಿ ಇದನ್ನು ನಂಬಿದವನು ಕೆಟ್ಟ. ಇದೆಲ್ಲ ತಲೆಯಲ್ಲಿ ಒಂದರ ಹಿಂದೊಂದು ಬಂದು ನಿಂತಿತು. ಬಾಯಿಗೆ ಬರಲಿಲ್ಲ. ಹೇಳಿದರೆ ಯಾಕೆ ಅನ್ನುತ್ತಾರೆ, ವಿವರಿಸಬೇಕು, ಅವರು ವಾದ ಮಾಡುತ್ತಾರೆ. ಬಿಸಿಲು ಬೇರೆ ಏರಿತ್ತು. ಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರೆ ಸಾಕಾಗಿತ್ತು ಅವನಿಗೆ.

"ಅಣ್ಣಾ, ಈ ದೊಡ್ಡದನ್ನ ಇಟ್ಕೊಳ್ಳಲೇನು?"

"ಹ್ಞೂಂ," ಅಂದ ಖಾಜಾಸಾಬ.

ಮೈಬೂಬ ಅವಸರವಸರದಲ್ಲಿ ನಾಲ್ಕು ತುತ್ತು ಉಂಡು, ದೊಡ್ಡ ಯಂತ್ರವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ವಿಜಾಪುರದ ಬಸ್ಸಿಗೆಂದು ಹೋದ. ಸಣ್ಣದು ಮುಂಬಯಿಗೆ ವಾಪಸು ಹೋಗಲೆಂದು ಮೂಲೆಯಲ್ಲಿ ಉಳಿಯಿತು. ಮೆಹರಾಜ ಭಾವನಿಗೆ ರೊಟ್ಟಿ, ಹೊಸದಾಗಿ ಇಳಿಸಿದ ಬದನೆಕಾಯಿ ಪಲ್ಯ ಬಡಿಸಿ ಕೇಳಿದಳು:

"ಪಲ್ಯಾಕ ಉಪ್ಪು ಬರೋಬ್ಬರಿ ಐತೇನ್ರಿ, ಭಾವಾ?"

"ಹ್ಞೂಂ."

ಅವಳೂ ತಾಟು ಹಾಕಿಕೊಂಡು ಒಂದು ತುತ್ತು ಬಾಯಿಗಿಟ್ಟಳು. ಥೂ! ಗಂಡ ಹೊರಟ ಗಡಿಬಿಡಿಯಲ್ಲಿ ಉಪ್ಪು ಹಾಕುವುದನ್ನೇ ಮರೆತಿದ್ದಳು. ಭಾವ ಮಾತ್ರ ತಲೆ ಎತ್ತದೆ ತಿನ್ನುತ್ತಲೇ ಇದ್ದ. ಉಣ್ಣುತ್ತ ಗಂಡ ಹೇಳಿದ್ದ ಬಾವಿ ಮೇಲಿನ ಹ್ಞೂಂ ಮೆಹರಾಜಳಿಗೆ ನೆನಪಾಯಿತು. ಭಾವನೆದುರು ಎಂದೂ ದನಿ ಎತ್ತಿದವಳಲ್ಲ. ತಾಟು ಸರಿಸಿ ಎದ್ದು ನಿಂತಳು.

"ಇದರಾಗ ಉಪ್ಪಽ ಇಲ್ರಿ ಭಾವಾ. ಒಂದು ಹರಳೂ ಇಲ್ಲ. ನೀವು ಹ್ಞೂಂ ಅಂದ್ರಿ."

ಖಾಜಾಸಾಬ ಕೈಯಲ್ಲಿದ್ದ ತುತ್ತನ್ನು ನೋಡಿದ.

"ಬಾವಿ ಮ್ಯಾಲ ಅವರಿಗಿ ಕೊಟ್ಟ ಹ್ಞೂಂನೂ ಇಂಥಾದ ಏನ್ರಿ? ಅದನ್ನ ನಂಬಿ ಅವರು ನೀರಿಗಿ ಇಳಿಯಾಕ ಹೊಂಟಾರ. ಖರೇ ಹೇಳ್ರಿ, ನಿಮ್ಮ ಕಾಲಿಗಿ ಬೀಳ್ತೇನಿ. ಆ ಮಷಿನ್ ಚಲೋ ಐತೇನ್ರಿ?"

ಹ್ಞೂಂ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅಭ್ಯಾಸ ನೋಡಿ. ಅದನ್ನು ನುಂಗಿಕೊಳ್ಳಲು ಅವನು ಪಟ್ಟ ಪಾಡು ಅವನಿಗೇ ಗೊತ್ತು.

"ಇಲ್ಲ," ಅಂದ.

ಕೈ ಕೂಡ ತೊಳೆಯದೆ ಮೂಲೆಯಲ್ಲಿದ್ದ ಸಣ್ಣ ಯಂತ್ರವನ್ನು ಬಗಲಿಗೆ ಹಾಕಿಕೊಂಡು ಬರಿಗಾಲಲ್ಲಿ ಓಡಿದ. ಬಸ್ಸು ನಿಂತಿತ್ತು. ಮೈಬೂಬ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿ ಪಕ್ಕ ಕೂತಿದ್ದ. ಅವನನ್ನು ಕಳಿಸಲು ಬಂದ ಗುರಲಿಂಗಪ್ಪ ಕೆಳಗೆ ಬೀಡಿ ಸೇದುತ್ತ ನಿಂತಿದ್ದ.

"ಇಳಿ ಕೆಳಗ. ಅದು ಬ್ಯಾಡ. ಇದನ್ನ ಒಯ್ಯಿ."

ಮೈಬೂಬ ಯಂತ್ರದ ಸಮೇತ ಇಳಿದು ಬಂದ. "ಏನಾತಣ್ಣಾ? ಊರ ಮಂದಿ ಮುಂದ ನೀನ ಹ್ಞೂಂ ಅಂದಿ."

"ಅಂದೆ. ನಿಮ್ಮ ದೋಣಿ ತಳಗ ನೀರು ಎಷ್ಟಿರ್ತೈತಿ?"

"ಎರಡು ಮಾರು. ಹಿನ್ನೀರಾಗ ಒಂದ ಮಾರು."

"ಒಂದು ಮಾರು ನೀರಿದ್ರ ಮ್ಯಾಲಿನ ಕರೀ ಪಟ್ಟಿಯೊಳಗ ತಳದ ಗೆರಿ ಮುಚ್ಚಿ ಹೋಗ್ತೈತಿ. ಸದ್ದು ತಳಕ್ಕ ಬಡದು ಮ್ಯಾಲ ಬಂದು, ಮತ್ತ ತಳಕ್ಕ ಹೋಗಿ ಬರ್ತೈತಿ. ಆ ಎರಡನೇ ಗೆರಿ ಅಷ್ಟ ಕಾಗದದ ಮ್ಯಾಲ ಕಾಣಸ್ತೈತಿ. ಒಂದು ಮಾರು ನೀರನ್ನ ಎರಡು ಮಾರು ಅಂತ ತಿಳದು ನೀ ಜೋರಿಲೆ ದೋಣಿ ನುಗ್ಗಸ್ತಿ. ತಳಗ ಬಂಡಿಗಲ್ಲು. ಈ ಸಣ್ಣದಕ್ಕ ಆ ಪಟ್ಟಿ ಇಲ್ಲ. ಮೊಣಕಾಲುದ್ದ ನೀರಿದ್ರೂ ಇದ್ದಷ್ಟ ತೋರಸ್ತೈತಿ."

"ಮತ್ತ ಬಾವ್ಯಾಗ ಕಂಡ ಮೀನು?"

"ಮೀನಲ್ಲೋ. ಬಾವಿ ಗ್ವಾಡಿ."

ಬಸ್ಸಿನ ಕಿಟಕಿಗಳಿಂದ ಜನ ನಕ್ಕರು. "ಏ ಖಾಜಾ, ಇದ್ದ ಮೀನೂ ಕಳದೆಲ್ಲೋ!" ಎಂದು ಗುರಲಿಂಗಪ್ಪನೂ ನಕ್ಕ. ಮೈಬೂಬ ನಗಲಿಲ್ಲ. ಅಣ್ಣನ ಮುಖವನ್ನೇ ನೋಡುತ್ತ ನಿಂತ.

"ಇದೆಲ್ಲಾ ನಿನಗ ಬಾವಿ ಮ್ಯಾಲ ಗೊತ್ತಿತ್ತೇನು?"

"ಗೊತ್ತಿತ್ತು."

"ಗೊತ್ತಿದ್ದೂ ಹ್ಞೂಂ ಅಂದಿ." ಮೈಬೂಬನ ದನಿ ಸಣ್ಣಗಾಯಿತು. "ನಾಳೆ ಯಾರರ ಬಂದು ನಿನ್ನ ತಮ್ಮ ಮುಳುಗ್ಯಾನ ಅಂದಿದ್ರ, ಅದಕ್ಕೂ ಹ್ಞೂಂ ಅಂತಿದ್ದೇನು?"

ಸುಳ್ಳು ಹೇಳಬಹುದಾಗಿತ್ತು. ಹೇಳಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತು.

"ಅಂತಿದ್ನೇನೋ," ಅಂದ ಖಾಜಾಸಾಬ.

ಕಂಡಕ್ಟರ್ ಸೀಟಿ ಊದಿದ. ಮೈಬೂಬ ಗೋಣಿಚೀಲವನ್ನು ಅಣ್ಣನ ಕಾಲ ಬಳಿ ಇಟ್ಟ, ಅವನ ಬಗಲಿನಿಂದ ಸಣ್ಣ ಯಂತ್ರವನ್ನು ಕಿತ್ತುಕೊಂಡ, ಹೋಗಿ ಬರ್ತೇನಿ ಅನ್ನದೆ ಹತ್ತಿ ಹೋದ. ಬಸ್ಸು ಧೂಳೆಬ್ಬಿಸಿಕೊಂಡು ವಿಜಾಪುರದ ಕಡೆ ಹೊರಟಿತು.

ದೊಡ್ಡ ಯಂತ್ರ ಭಾರವಿತ್ತು. ಹೊತ್ತುಕೊಂಡು ಅರ್ಧ ದಾರಿ ಬರುವಷ್ಟರಲ್ಲಿ ಖಾಜಾಸಾಬ ಅದನ್ನು ಕೆಳಗಿಳಿಸಿ, ಬಸ್ಸು ಹೋದ ಕಡೆ ತಿರುಗಿ ನಿಂತುಬಿಟ್ಟ. ಭಾರಕ್ಕಲ್ಲ ಎಂದು ಅವನಿಗೆ ತಿಳಿಯಿತು. ಸಣ್ಣ ಯಂತ್ರ ಬಂಡೆ ಎಲ್ಲಿದೆ ಎಂದು ತೋರಿಸೀತು; ಬಿರುಗಾಳಿಯನ್ನು ತೋರಿಸೀತೇ? ಎಂಜಿನ್ ಕೆಟ್ಟರೆ? ತಮ್ಮನಿಗೆ ಈಜು ಅಷ್ಟಕ್ಕಷ್ಟೇ. ಇಷ್ಟು ದಿನ ಇವುಗಳಲ್ಲಿ ಒಂದೂ ಅವನಿಗೆ ಹೊಳೆದಿರಲಿಲ್ಲ. ಈಗ ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಜೋಮು ಬಿಟ್ಟಿತೆಂದು ಸಂತೋಷಪಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಜೋಮೇ ಎಷ್ಟೋ ಮೇಲಿತ್ತು.

ಮೆಹರಾಜ ಬಾಗಿಲಲ್ಲೇ ನಿಂತಿದ್ದಳು. ಅವನ ತೋಳಲ್ಲಿದ್ದ ಗೋಣಿಚೀಲ ನೋಡಿ ಅವಳಿಗೆ ಉಸಿರು ಬಂತು.

"ಸಣ್ಣದು ಒಯ್ದರೇನ್ರಿ?"

"ಒಯ್ದ. ಸಿಟ್ಟಾಗಿ ಹೋದ." ಯಂತ್ರವನ್ನು ಕಟ್ಟೆಯ ಮೇಲಿಟ್ಟು ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಮೆಹರಾಜ, ನನಗ ಅಂಜಿಕಿ ಬರಾಕತ್ತೈತಿ. ಮೈಬೂಬ ತಿರುಗಿ ಬರದಿದ್ರ ಹ್ಯಾಂಗ?"

ಮೆಹರಾಜ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು.

"ನನಗ ಇದು ದಿನಾ ಬರ್ತೈತ್ರಿ ಭಾವಾ," ಅಂದಳು. "ಯಾರ ಮುಂದ ಹೇಳಬೇಕಿತ್ತು? ಬರ್ರಿ, ಒಳಗ ಬಂದು ಕುಂಡ್ರಿ."