ಹೆಬ್ಬೆರಳು ಮರೆತ ಕಚ್ಚು

ಕಣ್ಣು ಮುಚ್ಚಿ, ಕಂಪ್ಯೂಟರಿನೊಳಗೆ ಕೂರಿಸುವ ಮೆಮೊರಿ ಪಟ್ಟಿಯ ಅಂಚಿನ ಮೇಲೆ ಹೆಬ್ಬೆರಳನ್ನೊಮ್ಮೆ ಹಾಯಿಸಿ, ಅದು ಯಾವ ತಲೆಮಾರಿನದೆಂದು ಹೇಳಿಬಿಡುವುದು ವಿಜಯನಗರದ ಕಂಪ್ಯೂಟರ್ ಅಂಗಡಿಯ ವೆಂಕಟಗಿರಿಯವರ ಕೈಚಳಕ. ಡಿಡಿಆರ್ ತ್ರೀ, ಡಿಡಿಆರ್ ಫೋರ್ ಎಂಬ ಎರಡು ತಲೆಮಾರಿನ ಪಟ್ಟಿಗಳು ನೋಡಲು ಅವಳಿಜವಳಿ. ಅಂಚಿನ ಪುಟ್ಟ ಕಚ್ಚೊಂದು ಮಾತ್ರ ತುಸು ಅತ್ತಿತ್ತ. ಆ ತುಸುವಿನಲ್ಲೇ ಅವರ ಇಡೀ ಆಯುಷ್ಯದ ಕೀರ್ತಿಯೂ ಜಂಬವೂ ಅಡಗಿದ್ದವು.

ಎಡಗಾಲನ್ನು ಕೊಂಚ ಎಳೆದು ನಡೆಯುವ ಈ ಮನುಷ್ಯ ಡಿಸೆಂಬರ್ ಚಳಿಯಲ್ಲಿ ಗಡಗಡ ನಡುಗಿದರೂ ಸ್ವೆಟರ್ ತೊಡುತ್ತಿರಲಿಲ್ಲ. ಉಣ್ಣೆ ಉಜ್ಜಿ ಹುಟ್ಟುವ ಸೂಕ್ಷ್ಮ ವಿದ್ಯುತ್ ಕಿಡಿಗೆ ಕಂಪ್ಯೂಟರಿನ ಚಿಪ್ಪು ಸತ್ತೀತೆಂಬ ಭಯ. "ನಿಮ್ಮ ಎದೆಗಿಂತ ಆ ಚಿಪ್ಪೇ ಹೆಚ್ಚಾಯ್ತೇನ್ರೀ?" ಎಂದು ಹೆಂಡತಿ ಜಲಜಾ ಕೇಳಿ ಕೇಳಿ ಸೋತಿದ್ದರು. ಕೋಪವಂತೂ ಮೂಗಿನ ತುದಿಯಲ್ಲಿ. ಹಳೆಯ ಪ್ರೊಸೆಸರನ್ನು ಹೊಸ ಬೋರ್ಡಿಗೆ ಕೂರಿಸಿಕೊಡಿ ಎಂದವರಿಗೆ ಮಂಗಳಾರತಿಯೇ ಆಗುತ್ತಿತ್ತು: "ಗೋತ್ರ ಕೇಳ್ದೆ ಹೆಣ್ಣು ಕೊಡ್ತೀರೇನ್ರೀ? ಇದ್ರ ಸಾಕೆಟ್ಟೇ ಬೇರೆ! ಬಲ ಹಾಕ್ಬೇಡಿ, ಕೂರೋದಾದ್ರೆ ತಾನೇ ಕೂರುತ್ತೆ." ಬೈಸಿಕೊಂಡವರು ನಗುತ್ತ ಹೋಗಿ, ಮತ್ತೆ ಅಲ್ಲಿಗೇ ಬರುತ್ತಿದ್ದರು.

ಸಕ್ಕರೆ ಕಾಯಿಲೆ ಬೆರಳ ತುದಿಗಿಳಿದು ಸ್ಪರ್ಶವನ್ನು ಕದ್ದದ್ದನ್ನು ಅವರು ಜಲಜಾಗೂ ಹೇಳಲಿಲ್ಲ. ಬಿಸಿ ಕಾಫಿಯ ಲೋಟವೇ ತಿಳಿಯದ ಬೆರಳಿಗೆ ಕಚ್ಚು ಎಲ್ಲಿಂದ ತಿಳಿಯಬೇಕು? ಕನ್ನಡಕ ಹಾಕಿ ಓದಬಹುದಿತ್ತು, ಪಟ್ಟಿಯ ಮೇಲೇ ಬರೆದಿರುತ್ತದೆ. ಆದರೆ ಜಂಬ ಬಿಡಬೇಕಲ್ಲ!

ಕುರುಬರಹಳ್ಳಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ತಮ್ಮಣ್ಣ ಅವರ ಬಾಲ್ಯಸ್ನೇಹಿತ. ಅವನ ಕಂಪ್ಯೂಟರಿಗೆ ಡಿಡಿಆರ್ ಫೋರ್ ಬೇಕಿತ್ತು. ವೆಂಕಟಗಿರಿ ರಾಶಿಯಿಂದೊಂದು ಪಟ್ಟಿ ತೆಗೆದು, ಎಂದಿನಂತೆ ಕಣ್ಣು ಮುಚ್ಚಿ ತಡವಿ, "ಫೋರು" ಎಂದರು. ಅದು ತ್ರೀ ಆಗಿತ್ತು; ಕೂರಲಿಲ್ಲ. ಕ್ಲಿಪ್ಪು ಬಿಗಿಯಾಗಿರಬೇಕೆಂದು ಒತ್ತಿದರು. ಲಟಕ್ಕೆಂದಿತು. ಕೂತಿತೆಂದೇ ತಿಳಿದು ಸ್ವಿಚ್ ಹಾಕಿದರು, ಸುಟ್ಟ ವಾಸನೆ ಅಂಗಡಿ ತುಂಬಿತು. ಮದುವೆಗಳ ಕಾಲದಲ್ಲೇ ತಮ್ಮಣ್ಣನ ಬೋರ್ಡು ಕೈಕೊಟ್ಟಿತು.

"ಹೋಗ್ಲಿ ಬಿಡು ಗಿರಿ, ಹಳೇದಾಗಿತ್ತು," ಎಂದ ತಮ್ಮಣ್ಣ.

"ಹಳೇದಲ್ಲ ಕಣೋ, ನಾನೇ ಒತ್ತಿದ್ದು. ಬಯ್ಯೋ ನನ್ನನ್ನ."

"ಬಯ್ಯೋದೇನು, ಬಾ, ಕಾಫಿ ಕುಡಿಯೋಣ."

ವೆಂಕಟಗಿರಿ ಬೇರೆ ಬೋರ್ಡು ಹಾಕಿಸಿಕೊಟ್ಟರು, ತಮ್ಮಣ್ಣ ನಗುತ್ತಲೇ ಒಯ್ದ. ಕೆಲವು ವಾರಗಳ ಮೇಲೆ ಅದೇ ತಮ್ಮಣ್ಣ, ಕಂಪ್ಯೂಟರನ್ನು ಚೀಲದಲ್ಲಿ ಅವುಚಿಕೊಂಡು, ಗೆಳೆಯನ ಮನಸ್ಸು ನೋಯದಿರಲೆಂದು ಮೆಟ್ರೋ ಕಂಬಗಳ ಮರೆಯಲ್ಲೇ ನಡೆದು ಎದುರು ಬದಿಯ ಇನ್ನೊಂದು ಅಂಗಡಿಯ ಮೆಟ್ಟಿಲೇರಿದ. ವೆಂಕಟಗಿರಿ ತಮ್ಮ ಅಂಗಡಿಯಿಂದಲೇ ಅದನ್ನು ನೋಡಿದರು. ಆ ಸಂಜೆ ಮನೆಯಲ್ಲಿ, "ಬೆರಳೇ ಹೋಯ್ತು ಕಣೇ," ಎಂದು ಜಲಜಾ ಮುಂದೆ ಮಗುವಿನಂತೆ ಅತ್ತರು.

ಕೈಯನ್ನೇ ನಂಬಿ ಬಾಳಿದ ಇಂಥವರು ಲೋಕದ ನಿಂದೆಯನ್ನು ತಾಳಬಲ್ಲರು. ಮಾತಿಗೆ ಮಾತು ಕೊಟ್ಟು ಮರುದಿನ ಅಂಗಡಿಯ ಬಾಗಿಲು ತೆರೆಯಬಲ್ಲರು. ಆದರೆ ತಪ್ಪಿಗೆ ಬಯ್ಯದೆ, ಕನಿಕರಪಟ್ಟು ಸದ್ದಿಲ್ಲದೆ ದೂರ ಸರಿಯುವ ಸ್ನೇಹಿತನನ್ನು ಹೇಗೆ ತಾಳಬೇಕೆಂಬುದು ಅವರಿಗೆ ಎಂದಿಗೂ ತಿಳಿಯುವುದಿಲ್ಲ.